‘ಅಭಿವೃದ್ಧಿ ಹೊಂದು’ ಒಂದೇ ಸಾಕೇ? ಏಳಿಗೆ ಹೇಳುವ ಕ್ರಿಯಾಪದ ಆರಿಸುವ ಬಗೆ

ಗಿಡ ಅಭಿವೃದ್ಧಿ ಹೊಂದುತ್ತದೆ. ವ್ಯಾಪಾರ ಅಭಿವೃದ್ಧಿ ಹೊಂದುತ್ತದೆ. ಮಗು, ಕಲೆ, ಕಂಪನಿ, ಭಾಷೆ, ಎಲ್ಲವೂ ಅಭಿವೃದ್ಧಿ ಹೊಂದುತ್ತವೆ. ಈಗಿನ ಬರಹಗಳನ್ನು ಓದುತ್ತಾ ಹೋದರೆ, ಚೆನ್ನಾಗಿ ಬೆಳೆಯುವುದಕ್ಕೆ ಕನ್ನಡದಲ್ಲಿ ಇದೊಂದೇ ಮಾತು ಇದೆಯೇನೋ ಅನ್ನಿಸಿಬಿಡುತ್ತದೆ. ಆದರೆ ಬಾಯಿಮಾತಿನಲ್ಲಿ ನಾವು ಯಾರೂ ಹೀಗೆ ಹೇಳುವುದಿಲ್ಲ, ಅಲ್ವಾ? ಗಿಡ ನಳನಳಿಸುತ್ತದೆ, ವ್ಯಾಪಾರ ಕುದುರುತ್ತದೆ, ಮಗು ಮೈ ತುಂಬಿಕೊಳ್ಳುತ್ತದೆ. ಬರೆಯಲು ಕೂತ ಕೂಡಲೇ ಇವೆಲ್ಲ ಮರೆತುಹೋಗುತ್ತವೆ.

ಇಂಗ್ಲಿಷಿನಿಂದ ಅನುವಾದ ಮಾಡುವವರಿಗೆ ಈ ತೊಂದರೆ ಇನ್ನೂ ಜಾಸ್ತಿ. ‘ಥ್ರೈವ್’ ಅನ್ನುವ ಒಂದೇ ಪದ ಅಲ್ಲಿ ಗಿಡಕ್ಕೂ ಬರುತ್ತದೆ, ಅಂಗಡಿಗೂ ಬರುತ್ತದೆ. ಅದಕ್ಕೆ ಸಮನಾಗಿ ಕನ್ನಡದಲ್ಲೂ ಒಂದೇ ಪದ ಹುಡುಕಲು ಹೊರಟರೆ ಸಿಗುವುದು ಇದೇ ‘ಅಭಿವೃದ್ಧಿ’. ಕನ್ನಡದ ರೀತಿ ಬೇರೆ. ಇಲ್ಲಿ ಮೊದಲು ಬೆಳೆಯುತ್ತಿರುವುದು ಏನು ಅಂತ ನೋಡಬೇಕು, ಆಮೇಲೆ ಕ್ರಿಯಾಪದ. ಈ ಕ್ರಮದಲ್ಲೇ ಹೋಗೋಣ.

ಹೆಜ್ಜೆ 1: ಬೆಳೆಯುತ್ತಿರುವುದು ಏನು ಅಂತ ನೋಡಿ

ಗಿಡಮರಗಳಿಂದ ಶುರು ಮಾಡೋಣ. ಕನ್ನಡದ ಮಾತು ಅತಿ ಹೆಚ್ಚು ಇರುವುದು ಇಲ್ಲೇ.

ಎಲ್ಲಕ್ಕಿಂತ ಸರಳವಾದದ್ದು ‘ಬರು’. ‘ಈ ಸಲ ಪೈರು ಚೆನ್ನಾಗಿ ಬಂದಿದೆ’, ‘ನೆರಳಿನಲ್ಲಿ ಈ ಗಿಡ ಬರುವುದಿಲ್ಲ’. ಸಮಾನಾರ್ಥಕ ಹುಡುಕುವವರಿಗೆ ಇದು ಹೊಳೆಯುವುದೇ ಇಲ್ಲ, ಯಾಕೆಂದರೆ ತೀರಾ ಕಣ್ಣೆದುರಿಗೇ ಇದೆ. ಯಾವ ಮಣ್ಣಿಗೆ, ಯಾವ ಹವೆಗೆ ಯಾವ ಗಿಡ ಅಂತ ಹೇಳುವಾಗ ‘ಬರು’ ಮತ್ತು ‘ಒಗ್ಗು’ ಎರಡೇ ಸಾಕು: ‘ಈ ಮಣ್ಣಿಗೆ ಅದು ಒಗ್ಗುತ್ತದೆ.’

ಹುಲುಸು, ಸೊಂಪು, ನಳನಳಿಸು. ಈ ಮೂರನ್ನೂ ಒಂದೇ ಅಂತ ಬಳಸುವವರಿದ್ದಾರೆ. ಸ್ವಲ್ಪ ಹತ್ತಿರದಿಂದ ನೋಡಿದರೆ ಮೂರೂ ಬೇರೆ. ‘ಹುಲುಸು’ ಪ್ರಮಾಣದ ಮಾತು. ಬೇಕಾದ್ದಕ್ಕಿಂತ ಜಾಸ್ತಿ ಬಂದಿದೆ, ಒತ್ತಾಗಿ ಬಂದಿದೆ ಅನ್ನುವಾಗ ಹುಲುಸು. ‘ಸೊಂಪು’ ನೋಡುವವರ ಹಿತದ ಮಾತು. ಎಲೆ ದಟ್ಟವಾಗಿದೆ, ನೆರಳು ತಂಪಾಗಿದೆ, ಕಣ್ಣಿಗೆ ಸುಖ. ಅದಕ್ಕೇ ನಿದ್ದೆಯೂ ಸೊಂಪಾಗಿರುತ್ತದೆ; ಹುಲುಸಾದ ನಿದ್ದೆ ಅಂತ ಯಾರೂ ಹೇಳುವುದಿಲ್ಲ. ‘ನಳನಳಿಸು’ ತಾಜಾತನದ ಮಾತು. ನೀರು ಕುಡಿದ ಎಲೆಯ ಹೊಳಪು ಅದರಲ್ಲಿದೆ. ಹುಲುಸಾಗಿ ಬೆಳೆದ ಹುಲ್ಲು ಬಾಡಿದ ಮೇಲೂ ಹುಲುಸಾಗಿಯೇ ಬಿದ್ದಿರಬಹುದು. ನಳನಳಿಸುವುದು ಒಂದು ಬಿರುಬಿಸಿಲಿನ ಮಧ್ಯಾಹ್ನಕ್ಕೇ ನಿಂತುಹೋಗುತ್ತದೆ. ಮನುಷ್ಯರ ಮುಖಕ್ಕೂ ನಳನಳಿಸು ಬರುವುದು ಈ ಹೊಳಪಿನಿಂದಲೇ.

‘ಚಿಗುರು’ ಬಳಸುವಾಗ ಹಿಂದಿನ ಕತೆ ನೋಡಿಕೊಳ್ಳಿ. ಹೆಚ್ಚಿನ ಸಲ ಅದು ಎಲೆ ಉದುರಿದ ಮೇಲೆ, ಕೊಂಬೆ ಕಡಿದ ಮೇಲೆ ಬರುವ ಬೆಳವಣಿಗೆ. ‘ಮುಚ್ಚುವ ಹಂತಕ್ಕೆ ಹೋಗಿದ್ದ ಕಾರ್ಖಾನೆ ಮತ್ತೆ ಚಿಗುರಿಕೊಂಡಿತು’ ಸರಿಯಾಗಿ ಕೂರುತ್ತದೆ. ಮೊದಲ ದಿನದಿಂದಲೂ ಲಾಭದಲ್ಲೇ ಇರುವ ಕಾರ್ಖಾನೆಗೆ ‘ಚಿಗುರಿಕೊಂಡಿದೆ’ ಅಂದರೆ, ಓದುವವರು ನಡುವೆ ಏನೋ ಕೆಟ್ಟದ್ದಾಗಿತ್ತು ಅಂದುಕೊಳ್ಳುತ್ತಾರೆ.

‘ಹಬ್ಬು’ ಅಡ್ಡಡ್ಡ ಬೆಳೆಯುವುದು. ಬಳ್ಳಿ ಹಬ್ಬುತ್ತದೆ, ತೆಂಗಿನ ಮರ ಹಬ್ಬುವುದಿಲ್ಲ. ಕೀರ್ತಿ, ಸುದ್ದಿ, ರೋಗ, ಬೆಂಕಿ ಎಲ್ಲ ಹಬ್ಬುತ್ತವೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವ ಪದ ಇದು.

ಇನ್ನು ವ್ಯಾಪಾರ. ‘ಕುದುರು’ ಇಲ್ಲಿ ಒಳ್ಳೆಯ ಪದ, ಆದರೆ ಎರಡು ಅರ್ಥ. ‘ವ್ಯಾಪಾರ ಕುದುರಿತು’ ಅಂದರೆ ಚೌಕಾಸಿ ಮುಗಿದು ಬೆಲೆ ಒಪ್ಪಿಗೆಯಾಯಿತು ಅಂತಲೂ ಆಗಬಹುದು, ಗಿರಾಕಿ ಹೆಚ್ಚಿದರು ಅಂತಲೂ ಆಗಬಹುದು. ಎರಡನೆಯದು ಬೇಕಿದ್ದರೆ ‘ಕುದುರಿಕೊಂಡಿತು’ ಅನ್ನಿ, ಅಥವಾ ‘ನಿಧಾನವಾಗಿ’, ‘ವರ್ಷದಿಂದ ವರ್ಷಕ್ಕೆ’ ಅಂತ ಏನಾದರೂ ಸೇರಿಸಿ. ಗೊಂದಲ ಹೋಗುತ್ತದೆ. ಅದಾಗಲೇ ಜೋರಾಗಿರುವ ವ್ಯಾಪಾರಕ್ಕೆ ‘ಚೆನ್ನಾಗಿ ನಡೀತಿದೆ’, ‘ಭರ್ಜರಿಯಾಗಿ ನಡೆಯುತ್ತಿದೆ’ ಅಂದರೆ ಸಾಕು.

‘ಕೈ ಹಿಡಿ’ ಇನ್ನೂ ಸೊಗಸು. ‘ಆ ಕಸುಬು ಅವರ ಕೈ ಹಿಡಿಯಿತು.’ ಇಲ್ಲಿ ಕೆಲಸ ಮಾಡುವವರು ಕರ್ತೃ ಅಲ್ಲ, ಕಸುಬೇ ಕರ್ತೃ. ಕಷ್ಟದಲ್ಲಿದ್ದವರನ್ನು ಅದು ಎತ್ತಿ ನಿಲ್ಲಿಸಿತು ಅನ್ನುವ ಭಾವ ಇದೆ. ಹಾಗಾಗಿ ಹುಟ್ಟಾ ಶ್ರೀಮಂತರ ಹತ್ತನೇ ಕಂಪನಿಗೆ ಇದು ಹೊಂದುವುದಿಲ್ಲ.

ಮೈಯ ವಿಷಯಕ್ಕೆ ಬಂದರೆ ‘ಮೈ ತುಂಬಿಕೊಳ್ಳು’. ಇದಕ್ಕೆ ಎದುರಾಗಿ ‘ಏನು ತಿಂದರೂ ಮೈಗೆ ಹತ್ತಲ್ಲ’ ಅನ್ನುತ್ತೇವೆ. ಈ ‘ಹತ್ತು’ ಕ್ರಿಯಾಪದವನ್ನು ಸ್ವಲ್ಪ ಗಮನಿಸಿ. ವಿದ್ಯೆ ತಲೆಗೆ ಹತ್ತುವುದಿಲ್ಲ, ಊಟ ಮೈಗೆ ಹತ್ತುವುದಿಲ್ಲ, ವ್ಯಾಪಾರ ಕೈ ಹತ್ತುವುದಿಲ್ಲ. ಹೊರಗಿನದ್ದು ಒಳಗೆ ಅಂಟಿಕೊಂಡು ತನ್ನದಾಗುವುದೇ ಹತ್ತುವುದು. ಬಳಕೆ ಹೆಚ್ಚಾಗಿ ‘ಇಲ್ಲ’ದ ಜೊತೆ. ಯಾರೋ ಒಬ್ಬರು ಏನೋ ಪ್ರಯತ್ನಿಸಿ ಮೇಲೆ ಬರಲಿಲ್ಲ ಅಂತ ಬರೆಯಬೇಕಾದಾಗ ‘ಯಶಸ್ಸನ್ನು ಹೊಂದಲಿಲ್ಲ’ ಬದಲು ಇದನ್ನು ಬಳಸಿ ನೋಡಿ.

ಜನರಿಗೆ ಮೂರು ಬಗೆಯ ಮಾತು ಇದೆ. ಮೊದಲನೆಯದು ‘ಮುಂದೆ ಬರು’, ‘ಮೇಲೆ ಬರು’. ‘ಕಷ್ಟಪಟ್ಟು ಮೇಲೆ ಬಂದವರು’ ಅಂದರೆ ಕೆಳಗಿನಿಂದ ಶುರು ಮಾಡಿದವರು. ‘ಮುಂದೆ ಬಂದವರು’ ಅನ್ನುವಾಗ ಎಲ್ಲಿಂದ ಅನ್ನುವುದು ಅಷ್ಟು ಮುಖ್ಯವಲ್ಲ. ಎರಡನೆಯದು ‘ಏಳಿಗೆ’. ‘ಏಳು’ ಕ್ರಿಯಾಪದದಿಂದ ಬಂದ ಅಚ್ಚ ಕನ್ನಡದ ಪದ. ‘ಒಪ್ಪು’ವಿನಿಂದ ‘ಒಪ್ಪಿಗೆ’ ಬಂದ ಹಾಗೆ. ಹಳೆಯ ರೂಪ ‘ಏಳ್ಗೆ’. ಏಳಿಗೆಗೆ ಒಂದು ವಿಶೇಷ ಇದೆ: ಅದನ್ನು ಹೆಚ್ಚಾಗಿ ಬೇರೆಯವರ ಬಗ್ಗೆ ಹೇಳುತ್ತೇವೆ. ‘ನಿಮ್ಮ ಏಳಿಗೆ ನೋಡಿ ಖುಷಿಯಾಯಿತು’, ‘ಇನ್ನೊಬ್ಬರ ಏಳಿಗೆ ಸಹಿಸದವರು’. ‘ನಾನು ಏಳಿಗೆ ಹೊಂದಿದೆ’ ಅಂದರೆ ಭಾಷಣದ ಹಾಗೆ ಕೇಳುತ್ತದೆ. ತನ್ನ ಬಗ್ಗೆ ಹೇಳಿಕೊಳ್ಳಲು ‘ನಾಲ್ಕು ಕಾಸು ನೋಡಿದೆ’, ‘ಒಂದು ಹಂತಕ್ಕೆ ಬಂದೆ’ ಅನ್ನುವ ಮಾತುಗಳೇ ವಾಸಿ.

ಮೂರನೆಯದು ‘ಬಾಳು’. ಬದುಕು ಅಂದರೆ ಜೀವಂತ ಇರುವುದು. ಬಾಳು ಅಂದರೆ ಅದಕ್ಕಿಂತ ಹೆಚ್ಚು, ಚೆನ್ನಾಗಿ ಇರುವುದು. ಎರಡೂ ಸೇರಿದರೆ ‘ಬಾಳಿ ಬದುಕು’. ಹರಸುವಾಗ ‘ಚೆನ್ನಾಗಿ ಬಾಳಿ ಬದುಕಿ’ ಅನ್ನುತ್ತೇವೆ. ಇದೇ ಮಾತು ಬೇರೆ ರೂಪಕ್ಕೆ ಹೋದ ಕೂಡಲೇ ಭಾವ ತಿರುಗುತ್ತದೆ. ‘ಬಾಳಿ ಬದುಕಿದ ಮನೆ’ ಅಂದರೆ ಒಂದು ಕಾಲದಲ್ಲಿ ತುಂಬಿದ್ದ ಮನೆ, ಬಹುಶಃ ಈಗ ಹಾಗಿಲ್ಲ. ‘ಬಾಳಿ ಬದುಕಬೇಕಾದವನು’ ಅಂದರಂತೂ ಆ ಹುಡುಗ ಈಗ ಇಲ್ಲ ಅಂತಲೇ ಅರ್ಥ. ಗೊತ್ತಿಲ್ಲದೆ ಇದನ್ನು ಶುಭಾಶಯಕ್ಕೆ ಬಳಸಿಬಿಟ್ಟರೆ ಎಡವಟ್ಟಾಗುತ್ತದೆ.

ಕಲೆ, ಪ್ರತಿಭೆ ಅರಳುತ್ತವೆ. ಚಳವಳಿ ಬೇರುಬಿಡುತ್ತದೆ. ಕಟ್ಟಡಗಳು ತಲೆ ಎತ್ತುತ್ತವೆ. ಇಷ್ಟು ಸಾಕು, ಮುಂದೆ ಹೋಗೋಣ.

ಹೆಜ್ಜೆ 2: ಮೆಚ್ಚುಗೆಯೋ, ಅಸಮಾಧಾನವೋ?

ಬೆಳೆಯುವುದೆಲ್ಲ ನಮಗೆ ಇಷ್ಟವಾಗುವುದೇ ಆಗಿರಬೇಕಿಲ್ಲ. ಕನ್ನಡದಲ್ಲಿ ಈ ಇಷ್ಟಾನಿಷ್ಟ ಕ್ರಿಯಾಪದದಲ್ಲೇ ಗೊತ್ತಾಗುತ್ತದೆ.

‘ಮೆರೆ’ ನೋಡಿ. ‘ವಿಜಯನಗರ ವೈಭವದಿಂದ ಮೆರೆಯಿತು’ ಅಂದರೆ ಹೊಗಳಿಕೆ. ‘ನಾಲ್ಕು ಕಾಸು ಬಂದ ಮೇಲೆ ಮೆರೆಯುತ್ತಿದ್ದಾನೆ’ ಅಂದರೆ ಬೈಗುಳ. ರಾಜ್ಯ, ಊರು, ಕಾಲ ಮೆರೆದರೆ ಸರಿ. ಪಕ್ಕದ ಮನೆಯವರು ಮೆರೆದರೆ ಮುಗಿಯಿತು! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುವ ಗಾದೆ ಇರುವುದು ಇಂಥ ಮೆರೆತಕ್ಕೇ.

‘ಕೊಬ್ಬು’ ಕೂಡ ಹೀಗೇ. ದನಕರು ಕೊಬ್ಬಿದ್ದರೆ ಚೆನ್ನಾಗಿ ಮೇಯಿಸಿದ್ದಾರೆ ಅಂತ. ಮನುಷ್ಯರಿಗೆ ಅಂದರೆ ಜಗಳಕ್ಕೆ ಕರೆದ ಹಾಗೆ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ‘ಉದ್ಧಾರ’ದ ಬಗ್ಗೆ. ನಿಘಂಟಿನಲ್ಲಿ ಅದು ಮೇಲೆತ್ತುವುದು, ಏಳಿಗೆ. ಬಾಯಿಮಾತಿನಲ್ಲಿ ಮುಕ್ಕಾಲುಪಾಲು ವ್ಯಂಗ್ಯ. ‘ಹಿಂಗೇ ಮಾಡು, ಉದ್ಧಾರ ಆಗ್ತೀಯ’ ಅಂದರೆ ಯಾರೂ ಆಶೀರ್ವಾದ ಅಂದುಕೊಳ್ಳುವುದಿಲ್ಲ. ‘ಉದ್ಧಾರ ಆದ ಹಾಗೇ’ ಅಂದರೆ ಆಸೆ ಬಿಟ್ಟಾಯಿತು ಅಂತ. ಭಕ್ತಿಯ ಬರಹದಲ್ಲಿ, ‘ಗ್ರಾಮೋದ್ಧಾರ’ದಂಥ ಜೋಡುಪದಗಳಲ್ಲಿ ಅದು ಇನ್ನೂ ನೇರ ಅರ್ಥದಲ್ಲೇ ಇದೆ. ಉಳಿದ ಕಡೆ ಅನುಮಾನ ಬಂದರೆ ಬಿಟ್ಟುಬಿಡಿ.

ಇನ್ನು ಲಂಚ, ಕಳ್ಳದಂಧೆ, ಮೂಢನಂಬಿಕೆಗಳು ‘ಅಭಿವೃದ್ಧಿ ಹೊಂದಿವೆ’ ಅಂತ ಬರೆಯಬೇಡಿ. ಓದುವವರಿಗೆ ನಗು ಬರುತ್ತದೆ. ಅವು ಬೇರುಬಿಡುತ್ತವೆ, ಹಬ್ಬುತ್ತವೆ, ಹೆಚ್ಚಿಹೋಗುತ್ತವೆ. ಬೇಕೆಂದೇ ಚುಚ್ಚಲು ‘ಹುಲುಸಾಗಿ ಬೆಳೆದಿದೆ’ ಅನ್ನಬಹುದು. ಬೆಳೆಯ ಮಾತು ಲಂಚಕ್ಕೆ ಬಂದಾಗ ಆ ಚುಚ್ಚು ತಾನಾಗಿಯೇ ಬರುತ್ತದೆ. ‘ನಾಯಿಕೊಡೆಗಳಂತೆ ತಲೆ ಎತ್ತಿವೆ’ ಕೂಡ ಇದೇ ಜಾತಿಗೆ ಸೇರಿದ್ದು. ಆದರೆ ಪತ್ರಿಕೆಗಳು ಅದನ್ನು ಎಷ್ಟು ಬಳಸಿವೆ ಅಂದರೆ ಈಗ ಅದರಲ್ಲಿ ಕಸುವು ಉಳಿದಿಲ್ಲ.

ಹೆಜ್ಜೆ 3: ಕ್ರಿಯಾಪದದ ಬಾಲ ಸರಿಮಾಡಿ

ನನ್ನ ಪ್ರಕಾರ ಹೊಸ ಪದ ಕಲಿಯುವುದಕ್ಕಿಂತ ಇದು ಹೆಚ್ಚು ಉಪಯೋಗ. ‘ಬೆಳೆ’ ಅನ್ನುವ ಒಂದೇ ಸಾಧಾರಣ ಕ್ರಿಯಾಪದ ತೆಗೆದುಕೊಳ್ಳಿ. ಅದರ ಹಿಂದೆ ಇನ್ನೊಂದು ಸಣ್ಣ ಕ್ರಿಯಾಪದ ಸೇರಿಸುತ್ತಾ ಹೋಗಿ.

‘ಬೆಳೆದು ಬಂದಿದೆ’: ಕಾಲದುದ್ದಕ್ಕೂ ಬೆಳೆಯುತ್ತಾ ಇಲ್ಲಿಗೆ ತಲುಪಿದೆ. ಸಂಸ್ಥೆ, ಸಂಪ್ರದಾಯ, ಭಾಷೆಗೆ ಹೊಂದುತ್ತದೆ.

‘ಬೆಳೆದು ನಿಂತಿದೆ’: ಬೆಳವಣಿಗೆ ಪೂರ್ತಿಯಾಗಿದೆ, ಎದುರಿಗೆ ಕಾಣುತ್ತಿದೆ. ‘ಬೆಳೆದು ನಿಂತ ಮಗ’ ಅಂದರೆ ಇನ್ನು ಮನೆಯ ಭಾರ ಹೊರಬಲ್ಲವನು.

‘ಬೆಳೆದುಬಿಟ್ಟಿದೆ’: ನಾವು ನೋಡುನೋಡುತ್ತಿದ್ದ ಹಾಗೆ ಆಗಿಹೋಗಿದೆ. ಆಶ್ಚರ್ಯ ಇದೆ, ಕೆಲವು ಸಲ ಸಣ್ಣ ಬೇಜಾರೂ ಇದೆ.

‘ಬೆಳೆದುಕೊಂಡಿದೆ’: ಯಾರೂ ನೆಡದೆ, ಕೇಳದೆ, ತಾನಾಗಿಯೇ ಬಂದಿದೆ. ಕಳೆಗಿಡಗಳು ಬೆಳೆದುಕೊಳ್ಳುತ್ತವೆ. ಒಂದು ಕಂಪನಿಯ ಬಗ್ಗೆ ‘ಬೆಳೆದುಕೊಂಡಿದೆ’ ಅಂತ ಬರೆದರೆ, ಅದನ್ನು ಕಟ್ಟಿದವರಿಗೆ ಬೇಸರವಾದೀತು.

‘ಬೆಳೆಯುತ್ತಲೇ ಇದೆ’: ನಿಲ್ಲುವ ಲಕ್ಷಣ ಇಲ್ಲ. ಸಾಲದ ಬಡ್ಡಿಗೂ ಇದೇ ಮಾತು.

‘ದಿನದಿಂದ ದಿನಕ್ಕೆ’, ‘ಗಣನೀಯವಾಗಿ’, ‘ಅತ್ಯಂತ ವೇಗವಾಗಿ’ ಅನ್ನುವ ವಿಶೇಷಣಗಳು ಮಾಡುವ ಕೆಲಸದಲ್ಲಿ ಅರ್ಧವನ್ನು ಈ ಬಾಲಗಳೇ ಮಾಡುತ್ತವೆ. ಮೊದಲು ಬಾಲ ನೋಡಿ. ಅದು ಸಾಲದಿದ್ದರೆ ಮಾತ್ರ ವಿಶೇಷಣ ಸೇರಿಸಿ.

ಹೆಜ್ಜೆ 4: ತಾನು ಬೆಳೆಯುವುದೋ, ಬೆಳೆಸುವುದೋ?

‘ಬೆಳೆ’ ಎರಡೂ ಕಡೆ ನಿಲ್ಲುತ್ತದೆ. ‘ಪೈರು ಬೆಳೆಯಿತು’ ಸರಿ, ‘ರೈತರು ಜೋಳ ಬೆಳೆದರು’ ಕೂಡ ಸರಿ. ಆದರೆ ಈ ಎರಡನೇ ಬಳಕೆ ಫಸಲಿಗೆ ಮಾತ್ರ. ಮಗನನ್ನು, ಕಂಪನಿಯನ್ನು, ಹವ್ಯಾಸವನ್ನು ‘ಬೆಳೆಯಲು’ ಬರುವುದಿಲ್ಲ, ಅವನ್ನು ‘ಬೆಳೆಸಬೇಕು’. ಅರಳು–ಅರಳಿಸು, ಕುದುರು–ಕುದುರಿಸು, ಹಬ್ಬು–ಹಬ್ಬಿಸು ಇವೆಲ್ಲ ಇದೇ ದಾರಿ. ‘ಹಬ್ಬಿಸು’ ಬಳ್ಳಿಗೆ ಒಳ್ಳೆಯದು, ಸುದ್ದಿಗೆ ಬಂದರೆ ಚಾಡಿ. ‘ನಳನಳಿಸು’ ಅನ್ನುವುದರಲ್ಲಿ ಆಗಲೇ ‘ಇಸು’ ಇರುವುದರಿಂದ ಇನ್ನೊಂದು ಸೇರಿಸಲಾಗದು. ‘ನಳನಳಿಸುವಂತೆ ಮಾಡು’ ಅನ್ನಬೇಕು.

‘ಏಳಿಗೆ’ ತಾನಾಗಿ ಆಗುವಂಥದ್ದು, ಅಥವಾ ಅದಕ್ಕಾಗಿ ದುಡಿಯುವಂಥದ್ದು. ‘ಏಳಿಗೆ ಮಾಡಿದರು’ ಕನ್ನಡವಲ್ಲ. ‘ಏಳಿಗೆಗೆ ದುಡಿದರು’ ಅನ್ನಿ. ‘ಅಭಿವೃದ್ಧಿ’ಗೆ ಈ ತೊಡಕಿಲ್ಲ. ರಸ್ತೆಯನ್ನು, ಕೆರೆಯನ್ನು ‘ಅಭಿವೃದ್ಧಿಪಡಿಸಬಹುದು’. ಸರ್ಕಾರಿ ಕಡತಗಳಿಗೆ ಅದು ಅಷ್ಟು ಹಿಡಿಸಿರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಹೆಜ್ಜೆ 5: ಎದುರು ಪದ ಇಟ್ಟು ನೋಡಿ

ಆರಿಸಿದ ಪದ ಸರಿಯೋ ಅಲ್ಲವೋ ಅನುಮಾನ ಇದೆಯೇ? ಅದೇ ವಸ್ತು ಕೆಟ್ಟುಹೋದರೆ ಏನು ಹೇಳುತ್ತೀರಿ ಅಂತ ಕೇಳಿಕೊಳ್ಳಿ. ಕೆಡುಕನ್ನು ಹೇಳುವಾಗ ಎಲ್ಲರ ಕನ್ನಡವೂ ಚುರುಕಾಗಿರುತ್ತದೆ! ಗಿಡ ಸೊರಗಿತು, ಬಾಡಿತು. ವ್ಯಾಪಾರ ಬಿತ್ತು, ನೆಲ ಕಚ್ಚಿತು. ಮಗು ಬಡಕಲಾಯಿತು. ಮನೆತನ ಹಾಳಾಯಿತು. ಉತ್ಸಾಹ ಬತ್ತಿತು. ಇದೇ ಸಾಲಿನಲ್ಲಿ ಎದುರು ಪದ ಹುಡುಕಿದರೆ ಬೇಕಾದ್ದು ಸಿಗುತ್ತದೆ: ಸೊರಗಿದ್ದು ನಳನಳಿಸಿತು, ಬಿದ್ದದ್ದು ಎದ್ದು ನಿಂತಿತು, ಬತ್ತಿದ್ದು ಉಕ್ಕಿತು. ‘ವ್ಯಾಪಾರ ಬಾಡಿತು’ ಅಂತ ನೀವು ಹೇಳುವುದಿಲ್ಲ ಅಂದಮೇಲೆ ‘ವ್ಯಾಪಾರ ನಳನಳಿಸಿತು’ ಕೂಡ ಬೇಡ.

ಹೆಜ್ಜೆ 6: ದೊಡ್ಡ ಪದಗಳಿಗೂ ಜಾಗ ಇದೆ

ಸಂಸ್ಕೃತದಿಂದ ಬಂದ ಪದಗಳನ್ನೆಲ್ಲ ಓಡಿಸಬೇಕು ಅಂತ ನಾನು ಹೇಳುತ್ತಿಲ್ಲ. ಅವಕ್ಕೆ ಕನ್ನಡದಲ್ಲಿ ಬಹಳ ಹಳೆಯ ವಾಸ ಇದೆ. ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ನೋಡಿ. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನು. ಅವನ ಶಾಸನಗಳಲ್ಲಿ, ದೊರೆಯ ‘ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂ ಸಲುತ್ತಮಿರೆ’ ಎಂದು ಮತ್ತೆ ಮತ್ತೆ ಬರುತ್ತದೆ. ರಾಜ್ಯ ದಿನೇ ದಿನೇ ಹೆಚ್ಚುತ್ತಾ, ಚಂದ್ರ ಸೂರ್ಯ ನಕ್ಷತ್ರ ಇರುವ ತನಕ ನಡೆಯುತ್ತಿರಲು, ಅಂತ ಅರ್ಥ. ಇಂದಿನ ‘ಅಭಿವೃದ್ಧಿ’, ‘ಪ್ರವರ್ಧಮಾನ’ ಎರಡೂ ಅಲ್ಲಿವೆ. ಆದರೆ ಸಾಲಿನ ಕೊನೆಗೆ ಕೂತು ಕೆಲಸ ಮಾಡುತ್ತಿರುವುದು ‘ಸಲ್’ ಅನ್ನುವ ಪುಟ್ಟ ಕನ್ನಡ ಧಾತು.

ಹಾಗಾಗಿ ದೊಡ್ಡ ಪದ ಬಳಸುವಾಗ ಅದರ ಜೊತೆಗಾರ ಕ್ರಿಯಾಪದ ಯಾವುದು ಅಂತ ತಿಳಿದಿರಿ. ‘ಪ್ರವರ್ಧಮಾನಕ್ಕೆ’ ಯಾವಾಗಲೂ ‘ಬರು’: ‘12ನೇ ಶತಮಾನದಲ್ಲಿ ವಚನ ಸಾಹಿತ್ಯ ಪ್ರವರ್ಧಮಾನಕ್ಕೆ ಬಂತು.’ ‘ಉಚ್ಛ್ರಾಯ’ಕ್ಕೆ ‘ಸ್ಥಿತಿ ತಲುಪು’: ‘ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1509ರಿಂದ 1529ರ ನಡುವೆ, ವಿಜಯನಗರ ಉಚ್ಛ್ರಾಯ ಸ್ಥಿತಿ ತಲುಪಿತು.’ ಇದು ತುತ್ತತುದಿಯ ಮಾತು, ಅದರ ಮುಂದೆ ಇಳಿಜಾರೇ. ಇವತ್ತು ನಡೆಯುತ್ತಿರುವ ಅಂಗಡಿಗೆ ಹೇಳಬೇಡಿ. ‘ಸಮೃದ್ಧ’ ತುಂಬಿರುವ ಸ್ಥಿತಿಯನ್ನು ಹೇಳುತ್ತದೆ, ಬೆಳೆಯುವ ಕ್ರಿಯೆಯನ್ನಲ್ಲ.

ಹಳೆಯ ಬಳಕೆ ಪರೀಕ್ಷಿಸಬೇಕಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು ಒಳ್ಳೆಯದು. ಹಿಂದಿನ ಕವಿಗಳು ಪದವನ್ನು ಹೇಗೆ ಬಳಸಿದ್ದಾರೆ ಅಂತ ಸಾಲಿನ ಸಮೇತ ಕೊಡುತ್ತದೆ. ‘ಬೆಳೆ’ಯನ್ನು ನೋಡುವಾಗ ನಾಮಪದಕ್ಕೂ ಕ್ರಿಯಾಪದಕ್ಕೂ ಬೇರೆ ಬೇರೆ ಕಡೆ ಕಣ್ಣಾಡಿಸಿ.

ಹೆಜ್ಜೆ 7: ತಿದ್ದಿ ನೋಡಿ

ಈಗ ಕೆಲವು ವಾಕ್ಯಗಳು. ಮೊದಲನೆಯದು ಬರಹಗಳಲ್ಲಿ ಕಾಣುವ ರೀತಿ, ಆಮೇಲೆ ತಿದ್ದಿದ್ದು.

‘ಅವರ ಹೋಟೆಲ್ ವ್ಯವಹಾರವು ಅತ್ಯಂತ ವೇಗವಾಗಿ ಅಭಿವೃದ್ಧಿಯನ್ನು ಹೊಂದುತ್ತಿದೆ.’ ಇದು ‘ಅವರ ಹೋಟೆಲ್ ಭರ್ಜರಿಯಾಗಿ ನಡೆಯುತ್ತಿದೆ’ ಆದರೆ ಸಾಕು. ಮೊದಲು ಕಷ್ಟ ಇತ್ತು ಅಂತಿದ್ದರೆ ‘ಹೋಟೆಲ್ ಅವರ ಕೈ ಹಿಡಿಯಿತು.’

‘ಈ ಸಸ್ಯವು ಬಿಸಿಲಿನಲ್ಲಿ ಅಭಿವೃದ್ಧಿ ಹೊಂದುತ್ತದೆ.’ ತಿದ್ದಿದರೆ ‘ಈ ಗಿಡಕ್ಕೆ ಬಿಸಿಲು ಬೇಕು, ಬಿಸಿಲಿದ್ದರೆ ಚೆನ್ನಾಗಿ ಬರುತ್ತದೆ.’ ಎರಡು ತುಂಡಾದರೂ ಪರವಾಗಿಲ್ಲ, ಓದುವವರಿಗೆ ಏನು ಮಾಡಬೇಕು ಅಂತ ತಿಳಿಯಿತಲ್ಲ.

‘ಅವಳು ಒತ್ತಡದ ವಾತಾವರಣದಲ್ಲಿ ಪ್ರವರ್ಧಿಸುತ್ತಾಳೆ.’ ಇಲ್ಲಿ ಬೆಳವಣಿಗೆಯ ಪದವೇ ಬೇಡ. ‘ಒತ್ತಡ ಹೆಚ್ಚಿದಷ್ಟೂ ಅವಳು ಚುರುಕಾಗುತ್ತಾಳೆ.’

‘ಮಕ್ಕಳು ಪ್ರೀತಿಯ ವಾತಾವರಣದಲ್ಲಿ ಅಭಿವೃದ್ಧಿ ಹೊಂದುತ್ತಾರೆ.’ ಇದಕ್ಕೆ ಎರಡು ದಾರಿ. ಗುಣ, ಪ್ರತಿಭೆಯ ಬಗ್ಗೆ ಹೇಳುತ್ತಿದ್ದರೆ ‘ಪ್ರೀತಿ ಸಿಕ್ಕ ಕಡೆ ಮಕ್ಕಳು ಅರಳುತ್ತಾರೆ.’ ಆರೋಗ್ಯ, ತೂಕದ ಬಗ್ಗೆ ಆದರೆ ‘ಅಕ್ಕರೆಯಿಂದ ನೋಡಿಕೊಂಡರೆ ಮಕ್ಕಳಿಗೆ ತಿಂದದ್ದು ಮೈಗೆ ಹತ್ತುತ್ತದೆ.’ ಮೂಲದಲ್ಲಿ ಯಾವುದು ಅಂತ ಹೇಳಿಲ್ಲದಿದ್ದರೆ, ಮುಂದಿನ ವಾಕ್ಯ ಓದಿ ತೀರ್ಮಾನಿಸಿ.